ಮುದುಕನ ಪಾಲು

ನಮ್ಮೂರ ಗಂಡಸರು ತಲೆಯ ಮೇಲೆ ಹುಲ್ಲು ಹೊತ್ತು ಗುಡ್ಡ ಹತ್ತಲು ಶುರುಮಾಡಿದ ವರ್ಷ ನಾನು ನಕ್ಕಷ್ಟು ನನ್ನ ಮದುವೆಯಲ್ಲೂ ನಕ್ಕಿರಲಿಲ್ಲ. ಮದುವೆಯಲ್ಲಿ ನಗುವಂಥದ್ದು ಏನೂ ನಡೆಯಲಿಲ್ಲ ಎನ್ನಿ, ಅದನ್ನು ಆಮೇಲೆ ಹೇಳುತ್ತೇನೆ. ದನಕ್ಕೆ ಒಂದು ಹಿಡಿ ಮೇವು ಹಾಕಿ ಬಾ ಎಂದರೆ ಸೊಂಟ ಹಿಡಿದುಕೊಳ್ಳುತ್ತಿದ್ದವರು, ಕೂತಲ್ಲಿಗೇ ನೀರು ತರಿಸಿಕೊಂಡು ಕುಡಿಯುತ್ತಿದ್ದವರು, ಬೆಳಗಾದರೆ ಸಾಕು, ಜೋಳದ ಕಣಿಕೆ, ಭತ್ತದ ಹುಲ್ಲು, ಹರಿದ ಗೋಣಿ, ಹಳೇ ಕೌದಿ ಹೊತ್ತುಕೊಂಡು ಏದುಸಿರು ಬಿಡುತ್ತ ಮೇಲಕ್ಕೆ ಹೋಗುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ಮುದುಕನಿಗೆ ಹೊದಿಸಲಿಕ್ಕೆ ಅನ್ನುತ್ತಿದ್ದರು. ಮೊಮ್ಮಕ್ಕಳ ಕಾಲಕ್ಕೂ ಮುದುಕ ಉಳಿಯಬೇಕಲ್ಲ, ನಮಗೂ ಒಂದು ಜವಾಬ್ದಾರಿ ಇದೆಯಲ್ಲ ಅನ್ನುತ್ತಿದ್ದರು. ಮೊಮ್ಮಕ್ಕಳ ಹೆಸರು ಕೂಡ ನೆನಪಿರದವರೂ ಹಾಗೆಯೇ ಅನ್ನುತ್ತಿದ್ದರು.

ಮುದುಕ ಅಂದರೆ ನಮ್ಮೂರ ಹಿಮ. ಊರ ಬೆನ್ನಿಗೆ ಗುಡ್ಡ, ಗುಡ್ಡದ ತಲೆಯಿಂದ ಇಳಿದು ಬರುವವನು ಮುದುಕ. ನಿಂತ ಹಾಗೆ ಕಾಣುತ್ತಾನೆ, ಆದರೆ ನಡೆಯುತ್ತಾನೆ. ತಲೆಯ ಕಡೆ ಹೊಸ ಹಿಮ ಬೀಳುತ್ತದೆ, ಅದು ಒಂದರ ಮೇಲೊಂದು ಕೂತು ಒತ್ತಿ ಗಟ್ಟಿಯಾಗಿ, ಇರುವೆಗೂ ಬೇಸರವಾಗುವಷ್ಟು ನಿಧಾನವಾಗಿ ಕೆಳಕ್ಕೆ ಜಾರಿ, ಬಾಯಿಯ ಹತ್ತಿರ ಕರಗಿ ಹಳ್ಳವಾಗುತ್ತದೆ. ಕೆಳಗೆ ನಾವು ಬಿಸಿಲಿಗೆ ಮೆಣಸಿನಕಾಯಿ ಒಣಗಿಸುತ್ತೇವೆ, ಬಾಯಾರಿದರೆ ಮುದುಕನ ಒಂದು ಚೂರು ಒಡೆದು ಮಜ್ಜಿಗೆಗೆ ಹಾಕಿಕೊಳ್ಳುತ್ತೇವೆ. ನಮ್ಮಜ್ಜಿ ಸಣ್ಣವಳಿದ್ದಾಗ ಅವನ ಬಾಯಿ ಊರ ಅಗಸೆಬಾಗಿಲಿನ ತನಕ ಇತ್ತಂತೆ. ನನ್ನ ಮದುವೆಯ ಹೊತ್ತಿಗೆ ಹುಣಸೆಮರದ ಹತ್ತಿರ ಇತ್ತು. ಈಗ ಕುರಿಹಟ್ಟಿಯನ್ನೂ ಬಿಟ್ಟು ಮೇಲಕ್ಕೆ ಹೋಗಿದೆ. ಮುಂದಕ್ಕೆ ನಡೆಯುತ್ತಲೇ ಹಿಂದಕ್ಕೆ ಸರಿಯುವ ವಿದ್ಯೆ ಅವನೊಬ್ಬನಿಗೇ ಗೊತ್ತು.

ನಮ್ಮಲ್ಲಿ ಯಾರದೇ ಮದುವೆಯಾಗಲಿ, ತಾಳಿ ಕಟ್ಟಿದ ಮೇಲೆ, ಊಟಕ್ಕೆ ಕೂರುವ ಮೊದಲು, ಗಂಡು ಹೆಣ್ಣು ಇಬ್ಬರೂ ಗುಡ್ಡ ಹತ್ತಿ ಮುದುಕನ ಪಾಲು ಕೊಟ್ಟು ಬರಬೇಕು. ಅವರವರ ಗುಟ್ಟು ಯಾವುದಿದೆಯೋ, ಕೈಹಿಡಿದವರು ಯಾವತ್ತೂ ನೋಡಬಾರದ್ದು ಯಾವುದಿದೆಯೋ, ಅದನ್ನು ಒಂದು ಗಂಟು ಕಟ್ಟಿ ಮೇಲಿನ ಬಿರುಕಿನೊಳಗೆ ಬಿಡುವುದು. ಆಮೇಲೆ ಕೇಳುವಂತಿಲ್ಲ, ಹೇಳುವಂತಿಲ್ಲ. ಮುದುಕ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಡೆದು ನಡೆದು ಮರಿಮಕ್ಕಳ ಕಾಲಕ್ಕೆ ಬಾಯಿಂದ ಹೊರಗೆ ಹಾಕುತ್ತಾನೆ. ಮರಿಮಕ್ಕಳು ಅಂಗಳದಲ್ಲಿ ಗಂಟು ಬಿಚ್ಚಿ, ಓಣಿಯವರನ್ನೆಲ್ಲ ಕರೆದು, ಹೋಳಿಗೆ ಮಾಡಿ ನಗುವುದು ಪದ್ಧತಿ. ಸತ್ತವರಿಗೆ ಇನ್ನೆಲ್ಲಿಯ ನಾಚಿಕೆ? ನಮ್ಮ ಮುತ್ತಜ್ಜನ ಗಂಟಿನಲ್ಲಿ ಗೆಜ್ಜೆ, ಚೌರಿ, ಜರಿಯ ಕುಪ್ಪಸ ಬಂದವು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಆ ಹಿರಿಯ, ಹರೆಯದಲ್ಲಿ ಪರಊರಿಗೆ ಹೋಗಿ ಹೆಣ್ಣುವೇಷ ಕಟ್ಟಿ ಕುಣಿಯುತ್ತಿದ್ದನೆಂದು ಆಗ ಗೊತ್ತಾಯಿತು. ನಕ್ಕು ನಕ್ಕು ಸಾಕಾಗಿ ಗೆಜ್ಜೆಯನ್ನು ಎತ್ತಿನ ಕೊರಳಿಗೆ ಕಟ್ಟಿದೆವು.

ಇನ್ನೊಂದು ಮಾತು. ಗಂಡಸರ ಬಿರುಕು ಇರುವುದು ಬಿಸಿಲಿನ ಕಡೆ, ಹೆಂಗಸರದು ಗುಡ್ಡದ ನೆರಳಿನ ಕಡೆ. ಪದ್ಧತಿ ಮಾಡಿದವರು ಗಂಡಸರು, ಜಾಗ ಆರಿಸಿದವರು ಹೆಂಗಸರು ಎಂದು ನಮ್ಮವ್ವ ಹೇಳುತ್ತಿದ್ದಳು.

ನಾನು ಗುರುಶಾಂತವ್ವ. ಮೇಲಿನ ಓಣಿಯಲ್ಲಿ ಹುಟ್ಟಿ ಕೆಳಗಿನ ಓಣಿಯ ಉಳವಪ್ಪನವರ ಕೈಹಿಡಿದವಳು. ನಮ್ಮವರು ಬಹಳ ಸಾಧು. ಬೆಕ್ಕು ಹಾಲಿಗೆ ಬಾಯಿ ಹಾಕಿದರೆ ಅದು ಕುಡಿದು ಮುಗಿಸುವ ತನಕ ಕಾಯುವ ಜಾತಿ. ಅಂಥವರಿಗೆ ಯಾವ ಊರಲ್ಲೂ ಯಾರೂ ಸೊಪ್ಪು ಹಾಕುವುದಿಲ್ಲ. ಆದರೆ ನಮ್ಮವರು ಕಟ್ಟೆಯ ಹತ್ತಿರ ಬಂದರೆ ಕೂತವರು ಎದ್ದು ನಿಲ್ಲುತ್ತಿದ್ದರು, ಅದಕ್ಕೆ ಕಾರಣ ಅವರ ಗಂಟು. ಮದುವೆಯ ದಿನ ಎಲ್ಲ ಮದುಮಕ್ಕಳೂ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ನಮ್ಮವರದನ್ನು ಇಬ್ಬರು ಹಿಡಿದು ಎತ್ತಬೇಕಾಯಿತು, ಅದರಲ್ಲಿ ಒಬ್ಬನಿಗೆ ಬೆನ್ನು ಉಳುಕಿತು. ಬಿರುಕಿಗೆ ಬಿಟ್ಟಾಗ ಗುಡ್ಡದೊಳಗಿನಿಂದ ಧಡ್ ಎಂಬ ಸದ್ದು ಬಂತು. ಬೀಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವತ್ತಿನಿಂದ ನಮ್ಮವರು ಭಾರದ ಗಂಟಿನ ಉಳವಪ್ಪ. ಕೆಲವರು ಅದರಲ್ಲಿ ಪಾಳುಗುಡಿಯ ಬಂಗಾರದ ಮೂರ್ತಿ ಇದೆ ಎಂದರು, ಕೆಲವರು ದನಿ ತಗ್ಗಿಸಿ ಯಾರದೋ ರುಂಡ ಎಂದರು. ಜಗಳ ಹೊತ್ತು ಬಂದವರು ಅವರ ಮುಂದೆ ನಿಂತರೆ ಇವರು ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಕೂರುತ್ತಿದ್ದರು. ಆ ಮೌನಕ್ಕೇ ಹೆದರಿ ಬಂದವರು ತಾವೇ ರಾಜಿಯಾಗಿ ಹೋಗುತ್ತಿದ್ದರು. ನಾನೇನು ಕಡಿಮೆ? ಸುಳ್ಳು ಯಾಕೆ ಹೇಳಲಿ, ನನಗೂ ಅದರ ಹೆಮ್ಮೆ ಇತ್ತು. ಇವರು ಊಟ ಮಾಡಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಾಗ, ಈ ತಣ್ಣನೆಯ ಮನುಷ್ಯ ಹರೆಯದಲ್ಲಿ ಏನು ಮಾಡಿರಬಹುದು ಎಂದು ಯೋಚಿಸುತ್ತ ನಾನು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಬೇರೆ ಗಂಡಂದಿರು ಹಳತಾದರು, ನನಗೆ ಮಾತ್ರ ನನ್ನ ಗಂಡ ಹಳತಾಗಲಿಲ್ಲ.

ಈಗ ಅತ್ತೆಯ ವಿಷಯ. ಹೂವಕ್ಕ ಎಂಬ ಹೆಸರಿನ ಆ ತಾಯಿ ನನ್ನನ್ನು ಮನೆ ತುಂಬಿಸಿಕೊಂಡ ದಿನವೇ ಅವಳ ಒರಳಿನ ರುಬ್ಬುಗುಂಡು ಕಾಣೆಯಾಯಿತು. ಅವಳ ತವರಿನಿಂದ ಬಂದದ್ದು, ಕಪ್ಪು ಕಲ್ಲು, ಹೊಟ್ಟೆಯ ಮೇಲೆ ಹುಣಸೆಬೀಜದಷ್ಟು ಚಕ್ಕೆ ಎದ್ದಿತ್ತಂತೆ. ನಾನದನ್ನು ಕಣ್ಣಾರೆ ನೋಡಿದವಳಲ್ಲ, ಆದರೆ ದಿನಕ್ಕೆರಡು ಸಲ ವರ್ಣನೆ ಕೇಳಿ ಕೇಳಿ ನನ್ನ ಮಕ್ಕಳ ಮೈಮೇಲಿನ ಮಚ್ಚೆಗಿಂತ ಚೆನ್ನಾಗಿ ಅದು ಗೊತ್ತಾಗಿತ್ತು. ಹೆಣ್ಣು ಒಳಗೆ ಬಂತು, ಗುಂಡು ಹೊರಗೆ ಹೋಯಿತು, ಇವಳ ಕಾಲ್ಗುಣ ಇದು ಎಂದು ಅತ್ತೆ ಬಂದವರಿಗೆಲ್ಲ ಹೇಳಿದಳು. ಬೇರೆ ಗುಂಡು ತಂದರು, ಅದು ಒರಳಿಗೆ ಕೂರಲಿಲ್ಲ, ಗಡಗಡ ಎಂದು ಬಡಿದಾಡಿತು, ಚಟ್ನಿ ತರಿತರಿಯಾಯಿತು. ಅದೂ ನನ್ನ ಕಾಲ್ಗುಣವೇ ಆಯಿತು. ಮಳೆ ತಡವಾದರೆ, ಎಮ್ಮೆ ಒದ್ದರೆ, ಹಾಲು ಒಡೆದರೆ, ಎಲ್ಲ ಸುತ್ತಿ ಬಳಸಿ ಗುಂಡಿಗೇ ಬರುತ್ತಿತ್ತು. ಸಾಯುವಾಗ ಆ ತಾಯಿ ನೀರು ಕೇಳಲಿಲ್ಲ, ಗುಂಡು ಸಿಕ್ಕಿತೇನು ಎಂದು ಕೇಳಿದಳು. ನಾನು ಕಣ್ಣೀರು ಹಾಕಿದೆ, ಅವಳಿಗಾಗಿ ಅಲ್ಲ. ಇನ್ನು ಯಾರ ಮುಂದೆ ನನ್ನ ಕಾಲು ಒಳ್ಳೆಯದೆಂದು ತೋರಿಸಲಿ ಎಂದು.

ಹೀಗೆ ನಡೆದಿತ್ತು ಸಂಸಾರ. ಅಷ್ಟರಲ್ಲಿ ಮುದುಕನಿಗೆ ಅವಸರ ಹತ್ತಿತು. ತಲೆಯ ಕಡೆ ಬೀಳುವ ಹಿಮ ಕಡಿಮೆಯಾಯಿತು, ಬಾಯಿಯ ಕಡೆ ಕರಗುವುದು ಜಾಸ್ತಿಯಾಯಿತು. ಇಟ್ಟಿಗೆಭಟ್ಟಿಯ ಮಸಿ ಹಾರಿ ಬಂದು ಅವನ ಮೈಮೇಲೆ ಕೂತು, ಕಣ್ಣು ಕುಕ್ಕುತ್ತಿದ್ದ ಬಿಳುಪು ಒಗೆಯದ ಧೋತರದ ಬಣ್ಣಕ್ಕೆ ಬಂತು. ಕಪ್ಪು ಬಿಸಿಲನ್ನು ಕುಡಿಯುತ್ತದೆ, ಅದು ಮೆಣಸಿನಕಾಯಿ ಒಣಗಿಸುವ ಯಾವ ಹೆಂಗಸಿಗೂ ಗೊತ್ತು. ಹಳ್ಳದಲ್ಲಿ ನೀರು ಉಕ್ಕಿದಾಗ ಊರವರು ಖುಷಿಯಾಗಿ ಕಬ್ಬು ಹಚ್ಚಿದರು. ಅದು ಮುದುಕನ ಮೈಯೇ ನೀರಾಗಿ ಬರುತ್ತಿರುವುದೆಂದು ಹೊಳೆಯುವಷ್ಟರಲ್ಲಿ ಕಬ್ಬು ಸೊಂಟದೆತ್ತರ ಬೆಳೆದಿತ್ತು. ಯಾವುದಕ್ಕೂ ನಗುವ ನನಗೂ ಅವನ ಮೇಲೆ ನಿಂತು ಒಳಗೆ ನೀರು ಓಡುವ ಸದ್ದು ಕೇಳಿದರೆ ಕರುಳು ಚುರ್ ಅನ್ನುತ್ತಿತ್ತು.

ಆದರೆ ಗಂಡಸರ ಕರುಳು ಚುರ್ ಎಂದದ್ದು ವೀರಭದ್ರಪ್ಪನ ಗಂಟು ಬಂದ ದಿನ. ಅವನ ಮೊಮ್ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಅವನಿಗೆ ಇನ್ನೂ ಹಲ್ಲು ಬಿದ್ದಿರಲಿಲ್ಲ, ಗಂಟು ಬಂದು ಮುದುಕನ ಬಾಯಲ್ಲಿ ಕೂತುಬಿಟ್ಟಿತು. ಬದುಕಿರುವವರ ಗಂಟು ಬಂದದ್ದು ಅದೇ ಮೊದಲು, ಬಿಚ್ಚುವವರು ಯಾರು ಎಂದು ಯಾವ ಹಿರಿಯರೂ ಹೇಳಿಟ್ಟಿರಲಿಲ್ಲ. ಕಟ್ಟೆಯ ಮೇಲೆ ಸಭೆ ಸೇರಿತು. ಅವರವರ ಗಂಟು ಅವರವರು ತೆಗೆದುಕೊಂಡು ಹೋಗಲಿ ಎಂದು ಗಂಡಸರು ತೀರ್ಮಾನ ಮಾಡುವಷ್ಟರಲ್ಲಿ ನಮ್ಮ ಪಕ್ಕದ ಮನೆಯ ದುಂಡವ್ವ ಎದ್ದು ನಿಂತಳು. ಗಂಟು ಕಟ್ಟಿದವರಲ್ಲ, ಅವರನ್ನು ಕಟ್ಟಿಕೊಂಡವರು ಬಿಚ್ಚಲಿ ಎಂದಳು. ಹೆಂಗಸರೆಲ್ಲ ಹೌದು ಎಂದರು. ಬಿಚ್ಚಿದವಳು ಹೇಳಿದ್ದೇ ಮಾತು, ಬೇರೆಯವರು ಇಣುಕುವಂತಿಲ್ಲ ಎಂದು ಒಂದು ಕಟ್ಟು ಮಾಡಿ ಗಂಡಸರು ಮಾನ ಉಳಿಸಿಕೊಳ್ಳಲು ನೋಡಿದರು. ವೀರಭದ್ರಪ್ಪನ ಗಂಟಿನಲ್ಲಿ ಹಸಿರು ಬಳೆಗಳಿದ್ದವು. ಅವು ಹೆಂಡತಿ ಪಾರವ್ವನ ಕೈಗೆ ಏರಲಿಲ್ಲ. ಪಾರವ್ವನ ತಂಗಿಯ ಕೈಗೆ ಅಳತೆ ಮಾಡಿಸಿದ ಹಾಗೆ ಕೂತವು. ವೀರಭದ್ರಪ್ಪ ಈಗಲೂ ಎಮ್ಮೆಯ ಕೊಟ್ಟಿಗೆಯಲ್ಲಿ ಮಲಗುತ್ತಾನೆ.

ಮರುದಿನದಿಂದಲೇ ಹುಲ್ಲು ಹೊರುವ ಕೆಲಸ ಶುರುವಾಯಿತು, ಅದಕ್ಕೆ ಮುಖಂಡರು ನಮ್ಮವರು. ಹುಲ್ಲು ಹೊದಿಸಿದರೆ ಬಿಸಿಲು ತಾಗುವುದಿಲ್ಲ, ಮುದುಕ ನಿಧಾನವಾಗುತ್ತಾನೆ ಎಂಬುದು ಅವರ ಲೆಕ್ಕಾಚಾರ. ಲೆಕ್ಕಾಚಾರ ತಪ್ಪೇನಲ್ಲ, ಹೊದಿಸಿದ ಕಡೆ ಹಿಮ ಗುಪ್ಪೆಯಾಗಿ ಉಳಿಯುತ್ತಿತ್ತು. ಆದರೆ ಮುದುಕನ ಮೈ ಎಷ್ಟು, ಊರಿನ ಹುಲ್ಲು ಎಷ್ಟು? ದುಂಡವ್ವನೂ ನಾನೂ ಜಗಲಿಯ ಮೇಲೆ ಕೂತು, ಯಾರು ಎಷ್ಟು ದೊಡ್ಡ ಹೊರೆ ಹೊತ್ತರೋ ಅವರ ಗುಟ್ಟು ಅಷ್ಟು ದೊಡ್ಡದು ಎಂದು ಅಳೆಯುತ್ತಿದ್ದೆವು. ಈಗಿನ ಹುಡುಗರು ಮಾತ್ರ ಹಾಯಾಗಿದ್ದರು. ಅವರು ಮದುವೆಗೆ ಮೊದಲೇ ಎಲ್ಲ ಹೇಳಿಕೊಂಡು, ಗಂಟಿನಲ್ಲಿ ಬಾಚಣಿಗೆ, ಸೋಪಿನ ಡಬ್ಬಿ ಕಟ್ಟಿ ಬಿಟ್ಟು ಬರುತ್ತಾರೆ. ಆಮೇಲೆ ಜೀವನಪೂರ್ತಿ ಒಬ್ಬರ ಮುಖ ಒಬ್ಬರು ಯಾಕೆ ನೋಡಬೇಕೋ ನನಗಂತೂ ತಿಳಿಯುವುದಿಲ್ಲ.

ನಗುತ್ತ ನಗುತ್ತ ಒಂದು ದಿನ ನಮ್ಮವರ ಅಂಗಿ ಹೆಗಲಿನಿಂದ ಜಾರುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಮೂರು ರೊಟ್ಟಿ ತಿನ್ನುವವರು ಒಂದಕ್ಕೆ ಕೈ ತೊಳೆಯುತ್ತಿದ್ದರು. ಹುಲ್ಲು ಹೊತ್ತು ಕತ್ತು ಕೆಂಪಾಗಿತ್ತು. ಎಣ್ಣೆ ಹಚ್ಚಲು ಕೂತಾಗ ಅವರು ಆ ಕಡೆ ಮುಖ ಮಾಡಿಕೊಂಡೇ ಹೇಳಿದರು: "ನನ್ನ ಗಂಟು ಬಂದ್ರ ನೀ ಬಿಚ್ಚಬ್ಯಾಡ."

ಯಾಕೆ ಎಂದೆ.

"ಅದನ್ನ ನೋಡಿದ ಮ್ಯಾಲ ನೀ ನನ್ನ ಕಡೆ ಮೊದಲಿನಂಗ ನೋಡೂದಿಲ್ಲ. ಊರು ಎದ್ದು ನಿಲ್ಲದಿದ್ರ ನಿಲ್ಲವಲ್ತು. ನೀ ನೋಡದಿದ್ರ ನನಗ ಇರಾಕ ಆಗೂದಿಲ್ಲ."

ಇಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ, ಎಣ್ಣೆ ಹಚ್ಚಿದೆ. ಒಳಗೊಳಗೆ ಭಯವಾಯಿತು. ನಿಜವಾಗಿಯೂ ರುಂಡವಿದ್ದರೆ ಏನು ಮಾಡುವುದು ಎಂದು ಯೋಚಿಸಿದೆ. ನೋಡದೆ ಇರುವುದು ಹೇಗೆ ಎಂದೂ ಯೋಚಿಸಿದೆ. ಎರಡನೆಯ ಯೋಚನೆಯೇ ಹೆಚ್ಚು ಕಾಡಿತು ಎಂದರೆ ನೀವು ನನ್ನನ್ನು ಏನೆನ್ನುತ್ತೀರೋ ಗೊತ್ತಿಲ್ಲ.

ಮಜ್ಜಿಗೆಗೆ ಹಿಮ ತರಲು ದುಂಡವ್ವನೂ ನಾನೂ ಹೋಗಿದ್ದ ಒಂದು ಬೆಳಿಗ್ಗೆ ಗಂಟು ಬಂತು. ಮುದುಕನ ಬಾಯಿಯ ಅಂಚಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದಲ್ಲಿ ಅರ್ಧ ಹೊರಗೆ ಬಂದು ಕೂತಿತ್ತು. ಅಷ್ಟು ದೊಡ್ಡ ಗಂಟು ಊರಲ್ಲಿ ಇನ್ನೊಬ್ಬರದಿಲ್ಲ, ಬಟ್ಟೆಯೂ ನಮ್ಮ ಮದುವೆಯ ಪಂಚೆಯದೇ. ದುಂಡವ್ವನ ಬಾಯಿಗೆ ಬೀಗ ಎಲ್ಲಿದೆ? ಕೊಡ ಇಳಿಸುವಷ್ಟರಲ್ಲಿ ಊರು ನೆರೆಯಿತು. ಕೊಟ್ಟಿಗೆಯಿಂದ ವೀರಭದ್ರಪ್ಪನೂ ಬಂದ. ಮೇಲೆ ಹುಲ್ಲು ಹೊದಿಸುತ್ತಿದ್ದ ಗಂಡಸರೂ ಇಳಿದರು. ಎಲ್ಲರಿಗಿಂತ ಹಿಂದೆ ನಮ್ಮವರು, ತಲೆಯ ಮೇಲಿನ ಹೊರೆಯನ್ನು ಇಳಿಸುವುದೂ ಮರೆತು ನಿಂತಿದ್ದರು.

ನಾನು ಜನರಿಗೆ ಬೆನ್ನು ಮಾಡಿ ಕೂತು, ಸೆರಗು ಹರಡಿ ಮರೆ ಮಾಡಿಕೊಂಡು ಬಿಚ್ಚಿದೆ. ಮೊದಲು ಒಂದು ಪಂಚೆ, ಅದರೊಳಗೆ ಇನ್ನೊಂದು, ಅದರೊಳಗೆ ಗೋಣಿ. ಗೋಣಿ ಸರಿಸಿದೆ. ಕಪ್ಪು ಕಲ್ಲು. ಹೊಟ್ಟೆಯ ಮೇಲೆ ಹುಣಸೆಬೀಜದಷ್ಟು ಚಕ್ಕೆ.

ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಕೇಳಿದ ಮಾತೆಲ್ಲ ಒಟ್ಟಿಗೆ ಕಿವಿಗೆ ಬಂತು. ನನ್ನ ಕಾಲನ್ನು ದೂರಿದ್ದು, ಬಂದ ಬೀಗರ ಮುಂದೆ ಆಡಿದ್ದು, ಸಾಯುವಾಗ ಕೇಳಿದ್ದು, ತರಿತರಿ ಚಟ್ನಿ ಮುಂದಿಟ್ಟಾಗಲೆಲ್ಲ ಈ ಮನುಷ್ಯ ತಲೆ ತಗ್ಗಿಸಿ ಉಂಡು ಎದ್ದು ಹೋದದ್ದು. ಕಲ್ಲನ್ನು ಎತ್ತಿ ಊರ ಮುಂದೆ ಹಿಡಿದು, ನೋಡಿ ನಿಮ್ಮ ಭಾರದ ಗಂಟಿನ ಯಜಮಾನ ತಾಯಿಯ ರುಬ್ಬುಗುಂಡು ಕದ್ದವನು ಎಂದು ಹೇಳಬೇಕೆನಿಸಿತು. ನಾಲಿಗೆಯ ತುದಿಯ ತನಕ ಬಂತು. ಹೇಳಲೆಂದು ತಿರುಗಿದೆ, ನಮ್ಮವರ ಮುಖ ಕಂಡಿತು. ಹೊರೆಯ ಕೆಳಗೆ ಆ ಮುಖ ಹುಡುಗನದರ ಹಾಗೆ ಇತ್ತು, ಮದುವೆಯ ದಿನ ನೋಡಿದ್ದೆನಲ್ಲ, ಅದೇ ಮುಖ. ಆಗ ನನಗೆ ತಿಳಿಯಿತು. ಗಂಟು ಕಟ್ಟಬೇಕಾದ ದಿನ ಈ ಹುಡುಗನ ಹತ್ತಿರ ಕಟ್ಟಲು ಏನೂ ಇರಲಿಲ್ಲ.

ಸೆರಗಿನ ಮರೆಯಲ್ಲೇ ಗೋಣಿ ಸುತ್ತಿ, ಪಂಚೆ ಸುತ್ತಿ, ಮೊದಲಿಗಿಂತ ಬಿಗಿಯಾಗಿ ಗಂಟು ಹಾಕಿದೆ. ಎದ್ದು ನಿಂತು ಕಣ್ಣೊರೆಸಿಕೊಂಡೆ. ಕಣ್ಣಲ್ಲಿ ನೀರೇನೂ ಇರಲಿಲ್ಲ, ಇದ್ದರೆ ಚೆನ್ನಾಗಿರುತ್ತದೆ ಅನಿಸಿತು. ಏನಿದೆ ಎಂದು ದುಂಡವ್ವ ಕೇಳಿದಳು.

"ಇದು ಹೇಳೂವಂಥಾದ್ದಲ್ಲ ತಾಯಿ," ಎಂದೆ. "ಇಂಥಾದ್ದೊಂದು ಇಟಗೊಂಡು ಈ ಮನಿಶಾ ಇಷ್ಟು ವರ್ಷ ನಗಕೋತ ಹೆಂಗ ಇದ್ದ ಅಂತ ನನಗ ತಿಳಿವಲ್ದು."

ಊರು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಬಿಚ್ಚಿದವಳು ಹೇಳಿದ್ದೇ ಮಾತು ಎಂಬ ಕಟ್ಟು ಮಾಡಿದವರು ಗಂಡಸರೇ ಅಲ್ಲವೇ? ಗಂಟನ್ನು ಮನೆಗೆ ಮುಟ್ಟಿಸಲು ಬಂದ ಇಬ್ಬರು ಬೆರಳ ತುದಿಯಲ್ಲಿ ಹಿಡಿದು, ಎದೆಗೆ ತಾಗಿಸಿಕೊಳ್ಳದೆ ಹೊತ್ತರು. ಅದರಲ್ಲಿ ಒಬ್ಬನಿಗೆ ಮತ್ತೆ ಬೆನ್ನು ಉಳುಕಿತು.

ಮರುದಿನ ಬೆಳಿಗ್ಗೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಸೆ ಒರಳಿಗೆ ಹಾಕಿ ಗುಂಡು ಇಳಿಸಿದೆ. ಆಹಾ, ಎಂಥ ಕೂರುವಿಕೆ ಅಂತೀರಿ! ಗಡಗಡ ಇಲ್ಲ, ಬಡಿದಾಟ ಇಲ್ಲ. ಗುರ್ ಎಂದು ಒಂದೇ ದನಿಯಲ್ಲಿ ತಿರುಗಿತು. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ನಮ್ಮವರ ಕೈ ನಿಂತಿತು. ಆ ಸದ್ದು ಅವರು ಕೇಳಿ ಬೆಳೆದದ್ದು. ಎದ್ದು ಒಳಗೆ ಬಂದು ಕಂಬ ಹಿಡಿದು ನಿಂತರು. ತಟ್ಟೆಗೆ ರೊಟ್ಟಿ ಹಾಕಿ, ಪಕ್ಕದಲ್ಲಿ ಬೆಣ್ಣೆಯಷ್ಟು ನುಣ್ಣಗಿನ ಚಟ್ನಿ ಇಟ್ಟು ಮುಂದಕ್ಕೆ ತಳ್ಳಿದೆ. ಒಂದು ತುತ್ತು ಬಾಯಿಗೆ ಹಾಕಿಕೊಂಡರು, ಕಣ್ಣು ತುಂಬಿತು. ಖಾರಕ್ಕೆ ಎಂದುಕೊಳ್ಳಲು ನಾನೇನು ಹೊಸಬಳೇ?

"ಎಲ್ಲಾರ ಕಡೆನೂ ಒಂದೊಂದು ಗುಟ್ಟಿತ್ತು," ಎಂದರು. "ಗೆಳೆಯಾರೆಲ್ಲ ಗಂಟು ತೋರಿಸಿ ಮೀಸಿ ತಿರುವತಿದ್ರು. ನನ್ನ ಕಡೆ ಏನೂ ಇರಲಿಲ್ಲ. ಬರೇ ಗಂಟು ಬಿಟ್ರ ನೀ ಎಂಥಾ ಗಂಡನ್ನ ಕಟಗೊಂಡೆ ಅಂತ ನಗ್ತಾರ ಅಂತ, ಕೈಗೆ ಸಿಕ್ಕಿದ್ದು ಕಟ್ಟಿದೆ."

"ನಿಮ್ಮವ್ವ ನನ್ನ ಕಾಲ್ಗುಣ ಅಂದ್ಲಲ್ಲ, ಆವಾಗರ ಹೇಳಬೇಕಿತ್ತಿಲ್ಲ?"

"ದಿನಾ ಹೇಳಬೇಕು ಅಂತಿದ್ದೆ. ಹೇಳಿದ್ರ ನಾ ಮತ್ತ ಏನೂ ಇಲ್ಲದವ ಆಗತಿದ್ದೆ."

ಅಯ್ಯೋ ದೇವರೇ ಎಂದು ಹಣೆ ಚಚ್ಚಿಕೊಳ್ಳುವುದೋ, ನಗುವುದೋ ತಿಳಿಯಲಿಲ್ಲ. ಗುಟ್ಟಿಲ್ಲದವನು ಗುಟ್ಟಿದೆ ಎಂದು ತೋರಿಸಲು ಹೋಗಿ, ಅದನ್ನೇ ಗುಟ್ಟು ಮಾಡಿಕೊಂಡು, ಇಡೀ ಜೀವನ ಹೊತ್ತು ತಿರುಗಿದ್ದ. ಆದರೂ ಸುಮ್ಮನೆ ಬಿಡುವ ಹೆಣ್ಣಲ್ಲ ನಾನು. ಇನ್ನು ಮೇಲೆ ಈ ಮನೆಯಲ್ಲಿ ಚಟ್ನಿ ಅರೆಯುವವರು ನೀವೇ ಎಂದು ಶಿಕ್ಷೆ ಕೊಟ್ಟೆ. ಅವರು ತಲೆಯಾಡಿಸಿದರು. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅರೆಯುತ್ತಿದ್ದರು. ಒಳಗಿನಿಂದ ಬರುವ ಗುರ್ ಸದ್ದನ್ನು ಕೇಳಿ, ಉಳವಪ್ಪ ತನ್ನ ಪಾಪಕ್ಕೆ ಏನೋ ಘೋರ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೆ ಎಂದು ಊರು ಮಾತಾಡಿಕೊಂಡಿತು. ಕಟ್ಟೆಯ ಹತ್ತಿರ ಮೊದಲು ಎದ್ದು ನಿಲ್ಲುತ್ತಿದ್ದವರು ಈಗ ಹೆಗಲ ಮೇಲಿನ ಟವೆಲನ್ನೂ ತೆಗೆದು ನಿಲ್ಲುತ್ತಾರೆ. ರೊಟ್ಟಿ ಮತ್ತೆ ಮೂರಕ್ಕೆ ಏರಿತು.

ನಾನು ನೋಡುವ ರೀತಿ ಬದಲಾಯಿತೇ ಎಂದರೆ, ಬದಲಾಯಿತು. ಮೊದಲು ಆ ಮುಖದ ಹಿಂದೆ ಏನಿದೆಯೆಂದು ನೋಡುತ್ತಿದ್ದೆ, ಈಗ ಮುಖವನ್ನೇ ನೋಡುತ್ತೇನೆ. ಅದೇನೂ ಕೆಟ್ಟದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಒಳ್ಳೆಯದಿತ್ತು. ಆದರೆ ಈ ಬೇಸಿಗೆಯಲ್ಲಿ ನೆರಳಿನ ಕಡೆಯೂ ತೊಟ್ಟಿಕ್ಕಲು ಶುರುವಾಯಿತು. ನಮ್ಮ ಹಿರಿಯ ಹೆಂಗಸರು ಅಷ್ಟು ಜಾಣತನದಿಂದ ಆರಿಸಿದ ಜಾಗ, ಅಲ್ಲಿಗೂ ಬಿಸಿ ಹೋಗಿ ಮುಟ್ಟಿತು. ಸುದ್ದಿ ಬಂದ ದಿನ ಜಗಲಿಯ ಮೇಲೆ ಯಾರೂ ನಗಲಿಲ್ಲ. ಬೆಳಗಾಗುವುದರೊಳಗೆ ದುಂಡವ್ವನ ಹಿತ್ತಲಿನ ಬಣವೆ ಅರ್ಧವಾಗಿತ್ತು. ಎಲ್ಲಿಗೆ ಎಂದರೆ ಮೊಮ್ಮಕ್ಕಳ ಸಲುವಾಗಿ ಎಂದಳು.

ನನ್ನ ಗಂಟಿನಲ್ಲಿ ಏನಿದೆ ಎಂದು ನೀವು ಕೇಳುವವರೇ. ಕೇಳಬೇಡಿ. ಅದು ಹಗುರವಾಗಿತ್ತು, ಎಡಗೈಯಲ್ಲಿ ಹಿಡಿದು ಹೋಗಿದ್ದೆ, ಅಷ್ಟು ಹೇಳಬಲ್ಲೆ. ಹುಲ್ಲಿನ ಹೊರೆ ತಲೆಗೇರಿಸಿ, ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲ ದಾರಿ ಹಿಡಿದೆ. ಅರ್ಧ ಗುಡ್ಡ ಹತ್ತಿದ ಮೇಲೆ ಹಿಂದೆ ಏದುಸಿರು ಕೇಳಿಸಿತು. ನಮ್ಮವರು. ತಲೆಯ ಮೇಲೆ ಒಂದು ಹೊರೆ ಹುಲ್ಲು, ದೊಡ್ಡ ಗೋಣಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡದ್ದು ಏನೋ ಒಂದು. ಯಾಕೆ ಬಂದಿರಿ ಎಂದು ರೇಗಿದೆ. ಹೊರೆ ಸರಿಮಾಡಿಕೊಂಡು ನನ್ನ ಹಿಂದೆಯೇ ಹತ್ತಿದರು.

ನೆರಳಿನ ಕಡೆ ಹೋಗಿ ನಿಂತಾಗ ಕೇಳಿದ್ದು ಒಂದೇ ಮಾತು: "ಎಲ್ಲಿ ಹಾಸಲಿ, ತೋರಸು."

ಏನಿದೆ ಎಂದು ಕೇಳಲಿಲ್ಲ. ಕೇಳುತ್ತಾರೇನೋ ಎಂದು ಅವರ ಮುಖ ನೋಡಿದೆ, ಅಲ್ಲಿ ಕೇಳುವ ಆಸೆಯೂ ಇರಲಿಲ್ಲ. ಜಾಗ ತೋರಿಸಿದೆ. ಇಬ್ಬರ ಹುಲ್ಲನ್ನೂ ದಪ್ಪವಾಗಿ ಹಾಸಿ, ಮೇಲೆ ಹೊರೆಗೆ ಸುತ್ತಿದ್ದ ಗೋಣಿ ಹೊದಿಸಿದರು. ಗುಡ್ಡದ ಗಾಳಿಗೆ ಗೋಣಿ ಪಟಪಟ ಹಾರಾಡಿತು. ಆಗ ಬೆನ್ನಿನ ಗಂಟು ಇಳಿಸಿ ಬಿಚ್ಚಿದರು. ಒಳಗೆ ಇದ್ದದ್ದು ಅವರವ್ವನ ರುಬ್ಬುಗುಂಡು. ಎರಡೂ ಕೈಯಿಂದ ಎತ್ತಿ ಗೋಣಿಯ ನಡುವೆ ಇಟ್ಟು, ಅಲುಗಾಡುತ್ತದೆಯೇ ಎಂದು ಒಮ್ಮೆ ಒತ್ತಿ ನೋಡಿದರು. ಅಲುಗಲಿಲ್ಲ.

ನೋಡಿದವರಿಗೆ ಅದು ಗೋಣಿಗೆ ಭಾರವಾಗಲೆಂದು ಇಟ್ಟ ಬರೀ ಕಲ್ಲು. ನಮ್ಮ ಮನೆಯ ಚಟ್ನಿ ಮತ್ತೆ ತರಿತರಿಯಾಗಿದೆ. ಅವರೇ ಅರೆಯುತ್ತಾರೆ, ನಾನು ಬೆರಳು ನೆಕ್ಕಿ ಉಣ್ಣುತ್ತೇನೆ.